ಕುರ್‌ಆನಿನ ಕಥೆಗಳೂ ಪ್ರಭುದೇವರ ಚರಿತೆಯೂ

ಧರ್ಮಗ್ರಂಥದಲ್ಲಿ ಬರುವ ಪ್ರಸಂಗವನ್ನು ‘ಕಥೆ’ ಎಂದು ಕರೆದ ಮಾತ್ರಕ್ಕೆ ಅದನ್ನು ಸುಳ್ಳೆಂದಂತಾಗುವುದೇ? 1947ರಲ್ಲಿ ಈಜಿಪ್ತದ ಕೈರೋ ನಗರದ ವಿಶ್ವವಿದ್ಯಾಲಯದಲ್ಲಿ ಈ ಪ್ರಶ್ನೆಯು ದೊಡ್ಡ ಕೋಲಾಹಲವನ್ನೇ ಎಬ್ಬಿಸಿತು. ಮುಹಮ್ಮದ್ ಅಹ್ಮದ್ ಖಲಫಲ್ಲಾ ಎಂಬ ತರುಣ ವಿದ್ವಾಂಸರು ಕುರ್‌ಆನಿನ ಕಥನಕಲೆಯನ್ನು ಕುರಿತು ಪ್ರೌಢಪ್ರಬಂಧವೊಂದನ್ನು ರಚಿಸಿ, ಅಲ್ಲಿಯ ಪ್ರಸಂಗಗಳ ಉದ್ದೇಶ ಚರಿತ್ರೆಯನ್ನು ಒಪ್ಪಿಸುವುದಲ್ಲ, ಕೇಳುವವರ ಅಂತಃಕರಣವನ್ನು ತಿದ್ದುವುದು ಎಂದು ಪ್ರತಿಪಾದಿಸಿದರು. ಪ್ರಬಂಧವು ತಿರಸ್ಕೃತವಾಯಿತು. ಮಾರ್ಗದರ್ಶಕರಾದ ಅಮೀನ್ ಅಲ್ ಖೂಲಿಯವರೂ ಅದರ ಫಲವನ್ನು ಉಣ್ಣಬೇಕಾಯಿತು.

‘ಹಿಂದಿನವರ ಕಟ್ಟುಕಥೆಗಳು’ ಎಂಬ ನುಡಿ ಕುರ್‌ಆನಿನಲ್ಲಿ ಒಂಬತ್ತು ಕಡೆ ಬರುತ್ತದೆ. ಅದು ವಿರೋಧಿಗಳ ಆಕ್ಷೇಪ. ಗ್ರಂಥವು ನಿರಾಕರಿಸುವುದು ಆ ಕಥೆಗಳನ್ನು ಮುಹಮ್ಮದರೇ ಕಟ್ಟಿದರೆಂಬ ಮಾತನ್ನು. ಪ್ರಾಚೀನ ಕಥಾವಸ್ತುವೇ ಇಲ್ಲಿ ಇಲ್ಲವೆಂದು ಅದು ಹೇಳುವುದಿಲ್ಲ ಎಂಬುದು ಖಲಫಲ್ಲಾ ಅವರ ಸೂಕ್ಷ್ಮ. ಗವಿಯಲ್ಲಿ ಬಹುಕಾಲ ನಿದ್ರಿಸಿದ ಯುವಕರ ಪ್ರಸಂಗವನ್ನೇ ನೋಡಬಹುದು. ಅವರು ಮೂವರು, ನಾಯಿ ನಾಲ್ಕನೆಯದು ಎಂಬವರುಂಟು, ಐವರೆಂಬವರುಂಟು, ಏಳ್ವರೆಂಬವರೂ ಉಂಟು. ಸಂಖ್ಯೆಯನ್ನು ದೇವರೇ ಬಲ್ಲನೆಂದು ಹೇಳಿ ಗ್ರಂಥವು ಮುಂದೆ ಸಾಗುತ್ತದೆ. ಇತಿಹಾಸವನ್ನು ಬರೆಯುವವನು ಹೀಗೆ ಬಿಡಲಾರನಷ್ಟೆ!

ವಚನಸಾಹಿತ್ಯದ ಅಭ್ಯಾಸಿಗೆ ಇದು ಅಪರಿಚಿತ ಸಮಸ್ಯೆಯಲ್ಲ. ಹರಿಹರನ ರಗಳೆಯಲ್ಲಿ ಅಲ್ಲಮನು ಕಮಲತೆಯನ್ನು ಒಲಿದು ಕೂಡುತ್ತಾನೆ. ಅವಳು ತೀರಿಕೊಂಡ ಮೇಲೆ ವಿರಹದಿಂದ ಅಲೆಯುತ್ತ ಅನಿಮಿಷಯ್ಯನಿಂದ ಲಿಂಗವನ್ನು ಪಡೆಯುತ್ತಾನೆ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಾದರೋ ಪಾರ್ವತಿಯ ತಾಮಸಕಳೆಯು ಬನವಸೆಯ ಅರಸುಮಗಳು ಮಾಯೆಯಾಗಿ ಹುಟ್ಟಿ ಬಂದರೂ ಪ್ರಭುವು ಅವಳ ಕೈಗೆ ಸಿಕ್ಕುವುದಿಲ್ಲ. ಎರಡೂ ನಡೆದಿರುವುದು ಅಸಾಧ್ಯ. ಆದರೂ ಭಕ್ತರು ಎರಡನ್ನೂ ಓದಿಸಿ ಕೇಳಿದ್ದಾರೆ, ಯಾರ ನಿಷ್ಠೆಯೂ ಕುಂದಿಲ್ಲ. ಪುರಾಣಾಂಶವನ್ನೆಲ್ಲ ಕಿತ್ತೊಗೆದು ಶರಣರ ಚರಿತ್ರೆಯನ್ನಷ್ಟೇ ಉಳಿಸಬೇಕೆನ್ನುವವರು, ಹಾಗೆ ಕಿತ್ತ ಬಳಿಕ ಪ್ರಭುದೇವರ ವಿಷಯದಲ್ಲಿ ಕೈಯಲ್ಲಿ ಏನುಳಿಯುವುದೆಂದು ಒಮ್ಮೆ ಎಣಿಸಿ ನೋಡುವುದು ಒಳಿತು.

ಆದರೆ ಈ ಸಾಮ್ಯವನ್ನು ಬಹುದೂರ ಎಳೆಯುವುದು ತರವಲ್ಲ. ಶಿವಗಣಪ್ರಸಾದಿ ಮಹಾದೇವಯ್ಯನು ವಚನಗಳನ್ನು ಆಯ್ದು ಸಂವಾದರೂಪವಾಗಿ ಜೋಡಿಸಿ ‘ಶೂನ್ಯಸಂಪಾದನೆ’ಯನ್ನು ರಚಿಸಿದನು, ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರ ಸಿದ್ಧವೀರಣಾರ್ಯರು ಅದನ್ನು ಪರಿಷ್ಕರಿಸಿದರು. ಜೋಡಿಸಿದವರ ಹೆಸರು ಇಲ್ಲಿ ಬಹಿರಂಗ. ಕುರ್‌ಆನಾದರೋ ನಂಬುವವರಿಗೆ ಅಕ್ಷರಶಃ ದೇವವಾಣಿ. ಅಲ್ಲಿ ‘ಕಲೆ’ ಎಂದೊಡನೆ ಕಲಾವಿದನು ಯಾರೆಂಬ ಪ್ರಶ್ನೆ ಏಳುತ್ತದೆ. ಕೈರೋದ ಪಂಡಿತರ ಕೋಪವನ್ನು ಬರಿಯ ಸಂಕುಚಿತ ಬುದ್ಧಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಖಲಫಲ್ಲಾ ಅವರು ಕಥೆಗಳನ್ನು ಚಾರಿತ್ರಿಕ, ದೃಷ್ಟಾಂತರೂಪ, ಪುರಾಣರೂಪ ಎಂದು ವಿಂಗಡಿಸಿದರೂ, ಯಾವುದು ಯಾವ ಬಗೆಯದೆಂದು ನಿರ್ಣಯಿಸುವ ಅಳತೆಗೋಲು ಕೊನೆಗೆ ಓದುಗನ ಕೈಯಲ್ಲಿಯೇ ಉಳಿಯುತ್ತದೆ. ಅವರ ವಾದದ ದುರ್ಬಲಸ್ಥಾನ ಇದೇ.

ರಾಣೆಬೆನ್ನೂರು ತಾಲೂಕಿನ ಕುಪ್ಪೇಲೂರಿನಂಥ ಊರಿನವರಿಗೆ ಕೈರೋದ ಜಗಳ ಬಹುದೂರದ್ದೆಂದು ತೋರಬಹುದು. ಇದೇ ಹಾವೇರಿ ಜಿಲ್ಲೆಯ ಶಿಶುವಿನಹಾಳದ ಶರೀಫಸಾಹೇಬರು (1819–1889) ಕಳಸದ ಗೋವಿಂದಭಟ್ಟರ ಶಿಷ್ಯರಾಗಿ ತತ್ವಪದಗಳನ್ನು ಹಾಡಿದಂತೆ ಮೊಹರಮ್ಮಿನ ರಿವಾಯತ ಪದಗಳನ್ನೂ ಹಾಡಿದರು. ಕರ್ಬಲದ ಕಥೆ ಕುರ್‌ಆನಿನದಲ್ಲ. 680ರಲ್ಲಿ ನಡೆದ ಕಾಳಗದ್ದು. ಆದರೆ ಅಲಾಯಿ ಕುಣಿಯ ಸುತ್ತ ನಿಂತು ಕಣ್ಣೊರೆಸಿಕೊಳ್ಳುವ ಒಕ್ಕಲಿಗನು ಇಸವಿಯನ್ನು ಕೇಳಿದವನಲ್ಲ. ಖಲಫಲ್ಲಾ ಅವರು ಹೇಳಹೊರಟ ಕೇಳುಗನು ಇವನೇ.

ಅವರು ಮುಂದೆ ಬೇರೊಂದು ವಿಷಯವನ್ನು ಆಯ್ದುಕೊಂಡು ಪದವಿಯನ್ನು ಪಡೆಯಬೇಕಾಯಿತು. ತಿರಸ್ಕೃತವಾದ ಪ್ರಬಂಧವು 1951ರ ಸುಮಾರಿಗೆ ಪುಸ್ತಕವಾಗಿ ಹೊರಬಂದು ಮರುಮುದ್ರಣಗಳನ್ನೂ ಕಂಡಿತು.