ವಾಹಿನಿ ಹಲವು, ಒಡೆಯರು ಕೆಲವರು

ಮಳೆಗಾಲದಲ್ಲಿ ಕಬಿನಿ, ಕೆಆರ್‌ಎಸ್ ತುಂಬಿ ನೀರು ಬಿಟ್ಟರೆ ಸಾಕು, ಶಿವನಸಮುದ್ರದ ಗಗನಚುಕ್ಕಿ ಎಲ್ಲ ವಾಹಿನಿಗಳಲ್ಲೂ ಭೋರ್ಗರೆಯುತ್ತದೆ. ಅದೇ ಕಾವೇರಿಯ ನೀರಿಗೆ ಮಳವಳ್ಳಿ, ಮದ್ದೂರಿನ ಕಡೆ ವಿ.ಸಿ. ನಾಲೆಯ ಕೊನೆಭಾಗದ ರೈತರು ಕಾದು ಕೂತ ಸುದ್ದಿ ಮಾತ್ರ, ರಸ್ತೆ ತಡೆ ನಡೆದ ದಿನ ಬಿಟ್ಟರೆ, ಜಿಲ್ಲೆಯ ಪುಟ ದಾಟುವುದು ಅಪರೂಪ. ಇದನ್ನು ಎತ್ತಿ ಆಡಿದರೆ ಓದಿಕೊಂಡವರೂ ಕೊಡುವ ಉತ್ತರ ಒಂದೇ: ‘ಇಷ್ಟೊಂದು ಚಾನೆಲ್‌ಗಳಿವೆ, ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಮಾಲೀಕ ಯಾರಾದರೇನು?’

ಈ ಸಮಾಧಾನ ನನಗೆ ಒಪ್ಪಿತವಲ್ಲ. ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಪೈಪೋಟಿಯ ವಾಹಿನಿಗಳೆಂದೇ ನಮ್ಮ ಮನೆಗಳಲ್ಲಿ ನಂಬಿಕೆ. 2024ರ ನವೆಂಬರ್‌ನಲ್ಲಿ ರಿಲಯನ್ಸ್ ಮತ್ತು ಡಿಸ್ನಿಯ ಭಾರತದ ವ್ಯವಹಾರ ಒಂದಾದ ಮೇಲೆ ಎರಡೂ ಜಿಯೋಸ್ಟಾರ್ ಎಂಬ ಒಂದೇ ಕಂಪನಿಯ ಕೈಗೆ ಬಂದವು. ನ್ಯೂಸ್18 ಕನ್ನಡ ಕೂಡ ರಿಲಯನ್ಸ್ ಬಳಗದ್ದೇ. ಟಿವಿ ಬಿಟ್ಟು ಮೊಬೈಲ್ ಹಿಡಿದೆವು, ಒಡೆಯರಿಂದ ಬಿಡುಗಡೆಯಾಯಿತು ಎನ್ನುವ ಮಳವಳ್ಳಿಯ ಹುಡುಗನ ಫೋನಿನಲ್ಲಿ ಜಿಯೋ ಸಿಮ್ ಇದ್ದರೆ, ಅವನು ನೋಡುವ ವಾಹಿನಿ, ಅದನ್ನು ಹೊತ್ತು ತರುವ ಜಾಲ ಎರಡಕ್ಕೂ ಮೂಲ ಒಂದೇ. ರಾಜಕಾರಣಿಗಳೂ ಹೊರತಲ್ಲ. ಕೇಂದ್ರ ಸಚಿವರಾಗಿದ್ದ ರಾಜೀವ್ ಚಂದ್ರಶೇಖರ್ ಸ್ಥಾಪಿಸಿದ ಜ್ಯುಪಿಟರ್ ಕ್ಯಾಪಿಟಲ್ ಸುವರ್ಣ ನ್ಯೂಸ್ ಮತ್ತು ಕನ್ನಡಪ್ರಭ ಎರಡರಲ್ಲೂ ಹಣ ಹೂಡಿತ್ತು. ಈಗ ಮಂಡ್ಯದ ಸಂಸದರಾಗಿರುವ ಎಚ್.ಡಿ. ಕುಮಾರಸ್ವಾಮಿ ಅವರ ಕುಟುಂಬ 2007ರಲ್ಲಿ ಕಸ್ತೂರಿ ವಾಹಿನಿ ಆರಂಭಿಸಿತು.

ಇನ್ನೊಂದು ತಪ್ಪು ಕಲ್ಪನೆ, ಒಡೆಯ ಫೋನ್ ಮಾಡಿ ‘ಈ ಸುದ್ದಿ ಹಾಕಬೇಡ’ ಎನ್ನುತ್ತಾನೆ ಎಂಬುದು. ಹಾಗೆ ಹೇಳುವ ಅಗತ್ಯವೇ ಹೆಚ್ಚು ಸಲ ಬೀಳುವುದಿಲ್ಲ. ತಾಲ್ಲೂಕಿಗೆ ಸರಿಯಾದ ಸಂಬಳದ ವರದಿಗಾರನನ್ನೇ ಇಡದಿದ್ದರೆ, ಇರುವವನಿಗೆ ಸುದ್ದಿಯ ಜೊತೆ ಜಾಹೀರಾತನ್ನೂ ತಾ ಎಂದು ಹೇಳಿದರೆ ಕೆಲಸ ಮುಗಿಯಿತು. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ 1902ರಲ್ಲಿ ಸುಮಾರು 147 ಕಿ.ಮೀ. ದಾಟಿ ಕೋಲಾರದ ಚಿನ್ನದ ಗಣಿಗೆ ಹೋಯಿತು, ಕೊಳ್ಳುವವರು ಅಲ್ಲಿದ್ದರು. ಬೆಂಗಳೂರಿನಲ್ಲಿ ದೀಪ ಹತ್ತಿದ್ದೇ 1905ರಲ್ಲಿ. ಸುದ್ದಿಯೂ ಕೊಳ್ಳುವವರಿದ್ದ ಕಡೆಗೇ ಹರಿಯುತ್ತದೆ. ಟಿವಿಯ ನಿಜವಾದ ಗಿರಾಕಿ ಜಾಹೀರಾತುದಾರ. ನಾಲೆಯ ಕೊನೆಯಲ್ಲಿ ಕೂತ ರೈತ ಅವನ ಲೆಕ್ಕಕ್ಕೇ ಬರುವುದಿಲ್ಲ.

ಕಾವೇರಿ ವಿವಾದವನ್ನೇ ನೋಡಿ. 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು. ಆ ದಿನಗಳಲ್ಲಿ ಹಲ್ಲೆಯ ದೃಶ್ಯಗಳು ಎಷ್ಟು ಸಲ ಪರದೆಯ ಮೇಲೆ ತಿರುಗಿದವೆಂಬುದನ್ನು ನೋಡಿದವರು ಮರೆತಿರಲಾರರು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿಗೆ 177.25 ಟಿಎಂಸಿ ಎಂದು ತೀರ್ಪು ಕೊಟ್ಟಾಗಲೂ ಚರ್ಚೆ ಗೆದ್ದವರು ಯಾರು, ಸೋತವರು ಯಾರು ಎಂಬುದರ ಸುತ್ತಲೇ ಸುತ್ತಿತು. ನಮ್ಮ ಪಾಲಿನ ನೀರು ನಮ್ಮದೇ ಜಿಲ್ಲೆಯೊಳಗೆ ಯಾರ ಗದ್ದೆಯವರೆಗೆ ತಲುಪುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬ ಪ್ರಶ್ನೆಗೆ ದಿನವಿಡೀ ಕೂಗುವ ಸ್ಟುಡಿಯೋಗಳಲ್ಲಿ ಜಾಗ ಸಿಗಲಿಲ್ಲ. ಆ ಸುದ್ದಿಗೆ ತಿಂಗಳುಗಟ್ಟಲೆ ನಾಲೆಯ ಮೇಲೆ ಓಡಾಡುವ ಮನುಷ್ಯ ಬೇಕು. ಜಗಳಕ್ಕೆ ನಾಲ್ಕು ಕುರ್ಚಿ ಸಾಕು.

ದೊಡ್ಡ ಬಂಡವಾಳದಿಂದ ಕನ್ನಡ ಓದುಗನಿಗೆ ಏನೂ ಸಿಕ್ಕಿಲ್ಲ ಎಂದರೆ ಅನ್ಯಾಯವಾದೀತು. ವಿಜಯ ಸಂಕೇಶ್ವರರು 1999ರಲ್ಲಿ ಶುರು ಮಾಡಿದ ವಿಜಯ ಕರ್ನಾಟಕ ಬೆಲೆ ಇಳಿಸಿ ಪತ್ರಿಕೆ ಕೊಳ್ಳದ ಮನೆಗಳಿಗೂ ಪತ್ರಿಕೆ ಮುಟ್ಟಿಸಿತು. ಆದರೆ 2006ರಲ್ಲಿ ಅದು ಟೈಮ್ಸ್ ಬಳಗಕ್ಕೆ ಮಾರಾಟವಾಯಿತು. ಅಷ್ಟು ಮನೆಗಳ ಓದು ಒಂದು ಸಹಿಯಲ್ಲಿ ಕೈ ಬದಲಾಯಿಸಿತು. ಓದುಗನನ್ನು ಯಾರೂ ಕೇಳಲಿಲ್ಲ. ಬೇರೆ ದಾರಿಯೇ ಇಲ್ಲ ಎನ್ನುವವರು 1980ರಲ್ಲಿ ಹುಟ್ಟಿದ ಲಂಕೇಶ್ ಪತ್ರಿಕೆಯನ್ನು ನೆನೆಯಲಿ. ಜಾಹೀರಾತು ಮುಟ್ಟದೆ, ಓದುಗರು ಕೊಟ್ಟ ದುಡ್ಡಿನಲ್ಲೇ ಅದು ನಡೆಯಿತು.

ಇಷ್ಟಾಗಿಯೂ ಓದುಗರ ಒಳ್ಳೆಯತನವೊಂದನ್ನೇ ನಂಬಿ ಕೂರಲಾಗದು, ಕಾನೂನು ಬೇಕು. ರಾಜಕೀಯ ಪಕ್ಷಗಳನ್ನು ಮಾಧ್ಯಮ ಒಡೆತನದಿಂದ ದೂರವಿಡಿ, ಪತ್ರಿಕೆ ಮತ್ತು ಟಿವಿ ಎರಡೂ ಒಬ್ಬರ ಹಿಡಿತಕ್ಕೆ ಸಿಗುವುದಕ್ಕೆ ಮಿತಿ ಹಾಕಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2014ರ ಆಗಸ್ಟ್‌ನಲ್ಲೇ ಶಿಫಾರಸು ಮಾಡಿತು. ಹತ್ತು ವರ್ಷ ದಾಟಿದರೂ ಅದು ಕಾನೂನಾಗಿಲ್ಲ. ಸಮುದಾಯ ರೇಡಿಯೊಗಳಿಗೆ ತಮ್ಮದೇ ಸುದ್ದಿ ಪ್ರಸಾರ ಮಾಡುವ ಅನುಮತಿಯೂ ಇಲ್ಲ. ಮಳವಳ್ಳಿ, ಮದ್ದೂರಿನ ಮತದಾರರೇ, ಮುಂದಿನ ಸಲ ಮತ ಕೇಳಲು ಬಂದವರನ್ನು ನಾಲೆ ನೀರಿನ ಜೊತೆಗೆ ಇದನ್ನೂ ಕೇಳಿ: ಆ ಶಿಫಾರಸು ಜಾರಿಯಾಗಲಿ ಎಂದು ಸಂಸತ್ತಿನಲ್ಲಿ ಎದ್ದು ನಿಂತು ಹೇಳುತ್ತೀರಾ?