ಧೈರ್ಯ ಹೇಳುವವರು, ಧೈರ್ಯ ಕೊಡುವವರು

ಕಷ್ಟ ಬಂದ ಹೆಣ್ಣಿಗೆ ನಮ್ಮಲ್ಲಿ ಮಾತಿಗೇನೂ ಬರವಿಲ್ಲ. ‘ಮನಸ್ಸು ಗಟ್ಟಿ ಮಾಡಿಕೋ’, ‘ಎಲ್ಲ ಹಣೆಬರಹ’, ‘ತಾಳಿದವನು ಬಾಳಿಯಾನು’ ಎಂದು ಬಂದವರೆಲ್ಲ ಒಂದೊಂದು ಹೇಳಿ, ಕಾಫಿ ಕುಡಿದು ಹೋಗುತ್ತಾರೆ. ಕೊನೆಯ ಗಾದೆ ಇರುವುದು ಪುಲ್ಲಿಂಗದಲ್ಲಿ. ಆದರೆ ಅದನ್ನು ಗಂಡಸರಿಗೆ ಹೇಳಿದ್ದನ್ನು ನಾನು ಕೇಳಿದ್ದು ಕಡಿಮೆ. ಈ ಮಾತುಗಳಿಗೆಲ್ಲ ಒಂದು ಸಮಾನ ಗುಣವಿದೆ. ಕಷ್ಟವೂ ಅವಳದೇ, ಧೈರ್ಯ ಹೊಂದಿಸಿಕೊಳ್ಳುವ ಹೊಣೆಯೂ ಅವಳದೇ ಎಂದು ಅವು ತೀರ್ಮಾನಿಸಿಬಿಡುತ್ತವೆ.

ಈ ತೀರ್ಮಾನವನ್ನು ಒಪ್ಪದ ಎರಡು ಕಾದಂಬರಿಗಳು ನಮ್ಮ ಲೇಖಕಿಯರಿಂದಲೇ ಬಂದಿವೆ. ಒಂದು ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’, ಇನ್ನೊಂದು ತ್ರಿವೇಣಿಯವರ ‘ಶರಪಂಜರ’. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನಾನು ಇವನ್ನು ಎಷ್ಟೋ ಸಲ ಓದಿದ್ದೇನೆ. ಆದರೆ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಓದಿದಾಗ ಹೊಳೆದದ್ದು ಬೇರೆ.

‘ಫಣಿಯಮ್ಮ’ ಪ್ರಕಟವಾದದ್ದು 1976ರಲ್ಲಿ. ಏಳು ವರ್ಷ ಮಾತ್ರ ಶಾಲೆ ಕಂಡು, ಹನ್ನೆರಡನೆಯ ವಯಸ್ಸಿಗೇ ಮದುವೆಯಾದ ಇಂದಿರಾ ಅವರು, ತಾಯಿಯಿಂದ ಕೇಳಿದ ತಮ್ಮ ಮನೆತನದ ಹಿರಿಯ ಜೀವವೊಂದರ ಕಥೆಯನ್ನು ಇಲ್ಲಿ ಬರೆದರು. 1840ರಲ್ಲಿ ಹುಟ್ಟಿ 1952ರವರೆಗೆ ಬಾಳಿದ ಮಲೆನಾಡಿನ ಹೆಣ್ಣುಮಗಳು ಫಣಿಯಮ್ಮ. ಆಡುವ ವಯಸ್ಸಿನಲ್ಲಿ ಮದುವೆ. ಸಂಸಾರವೆಂದರೇನೆಂದು ತಿಳಿಯುವ ಮೊದಲೇ ಗಂಡ ಹಾವು ಕಚ್ಚಿ ಸತ್ತ. ಮೈನೆರೆದ ಮೇಲೆ ತಲೆ ಬೋಳಿಸಿದರು. ಆಮೇಲಿನದೆಲ್ಲ ಮಡಿ, ಒಪ್ಪೊತ್ತಿನ ಊಟ, ಇನ್ನೊಬ್ಬರ ಮನೆಯ ಚಾಕರಿ.

ಈ ಪುಸ್ತಕದ ಮಾತು ಬಂದಾಗ ‘ಎಂಥ ಸಹನೆ! ಈಗಿನವರಿಗೆ ಎಲ್ಲಿಂದ ಬರಬೇಕು?’ ಎನ್ನುವವರೇ ಹೆಚ್ಚು. ನನಗೆ ಈ ಮೆಚ್ಚುಗೆಯ ಮೇಲೆ ಅನುಮಾನ. ಬೇರೆ ದಾರಿಯೇ ಇಲ್ಲದವಳು ಸಹಿಸಿದ್ದನ್ನು ಗುಣವೆಂದು ಹೊಗಳಿದರೆ, ಸಹಿಸುವಂತೆ ಮಾಡಿದವರು ಸುಲಭವಾಗಿ ಪಾರಾಗುತ್ತಾರೆ. ಇಂದಿರಾ ಅವರ ಬರಹವನ್ನು ಗಮನವಿಟ್ಟು ಓದಿದರೆ, ಅವರು ಎತ್ತಿ ತೋರಿಸಿದ್ದು ಸಹನೆಯನ್ನಲ್ಲ. ಮಡಿ ಹೆಂಗಸು ಫಣಿಯಮ್ಮ, ಊರು ಮುಟ್ಟಬಾರದೆಂದಿದ್ದ ಜಾತಿಯ ಹೆಣ್ಣೊಬ್ಬಳು ಹೆರಿಗೆಯಲ್ಲಿ ಒದ್ದಾಡುವಾಗ ಹೋಗಿ ಮಗುವನ್ನು ಹೊರತೆಗೆಯುತ್ತಾಳೆ. ಮನೆತನದ ಎಳೆಯ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳುವುದಿಲ್ಲವೆಂದು ಹಟ ಹಿಡಿದಾಗ, ಆ ಹುಡುಗಿಯ ಬೆನ್ನಿಗೆ ನಿಲ್ಲುವವಳೂ ಇದೇ ಬೋಳುತಲೆಯ ಮುದುಕಿ. ತಾನು ಅನುಭವಿಸಿದ್ದನ್ನು ಇವಳೂ ಅನುಭವಿಸಲಿ ಎನ್ನಲಿಲ್ಲ. ಕಷ್ಟವನ್ನು ತನ್ನಲ್ಲಿಗೇ ನಿಲ್ಲಿಸಿದಳು, ಮುಂದಕ್ಕೆ ದಾಟಿಸಲಿಲ್ಲ. ಕಾದಂಬರಿಯ ಜೀವ ಇರುವುದು ಇಲ್ಲಿ.

ಹಾಗೆಂದು ಕೃತಿಯಲ್ಲಿ ಕೊರತೆ ಇಲ್ಲವೆಂದಲ್ಲ. ನೂರು ವರ್ಷಕ್ಕೂ ಮೀರಿದ ಇಂಥ ಬಾಳಿನಲ್ಲಿ ಫಣಿಯಮ್ಮನಿಗೆ ಸಿಟ್ಟು ಬಂದದ್ದು ಕಾಣುವುದಿಲ್ಲ. ಲೇಖಕಿಯ ಭಕ್ತಿ ಅವಳನ್ನು ಎಷ್ಟು ಎತ್ತರದಲ್ಲಿ ಕೂರಿಸಿದೆಯೆಂದರೆ, ಕೈಮುಗಿಯಬಹುದು, ಜೊತೆಗೆ ಕೂತು ಅಳಲಾಗದು. ಆ ದೂರವನ್ನು ತುಂಬುವವಳು ದಾಕ್ಷಾಯಿಣಿ. ಹಿರಿಯಳು ಆಡದೆ ಬಿಟ್ಟ ಮಾತನ್ನೆಲ್ಲ ಆ ಹುಡುಗಿ ಆಡುತ್ತಾಳೆ.

ಇನ್ನು ‘ಶರಪಂಜರ’ದ ಕಾವೇರಿ. ಓದಿದವಳು, ಅನುಕೂಲಸ್ಥರ ಮನೆಯ ಸೊಸೆ, ಮೆಚ್ಚಿ ಮದುವೆಯಾದ ಗಂಡ. ಫಣಿಯಮ್ಮನಿಗೆ ಇಲ್ಲದ್ದೆಲ್ಲ ಇವಳಿಗಿತ್ತು. ಹೆರಿಗೆಯ ನಂತರ ಬುದ್ಧಿ ಕದಡಿತು. ಆಸ್ಪತ್ರೆಯಲ್ಲಿ ಚಿಕಿತ್ಸೆಯಾಗಿ ಪೂರ್ತಿ ಗುಣವೂ ಆಯಿತು. ಕಥೆಯ ನಿಜವಾದ ಸಂಕಟ ಶುರುವಾಗುವುದು ಅವಳು ಮನೆಗೆ ಬಂದ ಮೇಲೆ. ಅವಳು ನಕ್ಕರೆ ಸಂಶಯ, ಸಿಟ್ಟಾದರೆ ಭಯ. ಗಂಡನ ಮನಸ್ಸು ಬೇರೆ ಕಡೆ ತಿರುಗಿದೆ. ವೈದ್ಯರು ಜೋಡಿಸಿ ಕಳಿಸಿದ್ದನ್ನು ಮನೆಯವರು ಮತ್ತೆ ಒಡೆದರು.

ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಕಲ್ಪನಾ ಅವರ ಅಭಿನಯ ನೋಡಿ ಅತ್ತವರು ನಮ್ಮಲ್ಲಿ ಬಹಳ ಮಂದಿ. ಕಾದಂಬರಿ ನನ್ನನ್ನು ಅಳಿಸುವುದಕ್ಕಿಂತ ಹೆಚ್ಚಾಗಿ ಪ್ರಶ್ನೆ ಕೇಳಿತು. ಮನಃಶಾಸ್ತ್ರ ಓದಿದ್ದ ತ್ರಿವೇಣಿಯವರು (1928–1963) ಅಲ್ಲಲ್ಲಿ ಪಾಠ ಹೇಳುವಂತೆ ಬರೆಯುತ್ತಾರೆ, ನಿಜ. ಆದರೆ ಆ ಪಾಠ ನಮಗೆ ಇಂದಿಗೂ ಬೇಕು. ಬಾಣಂತಿ ಸನ್ನಿ ಎಂದು ಹಿಂದಿನವರು ಹೆದರುತ್ತಿದ್ದ ಈ ಕಾಯಿಲೆ ದೆವ್ವದ ಕಾಟವಲ್ಲ, ವಾಸಿಯಾಗುವಂಥದ್ದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನು ಮಗುವಿನ ಜೊತೆಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವೇ ಇದೆ. ಔಷಧಿ ಸಿಗುತ್ತದೆ. ಗುಣವಾಗಿ ಬಂದವಳ ಕೈಗೆ ಸಂಶಯವಿಲ್ಲದೆ ಮಗುವನ್ನು ಕೊಡುವ ಮನೆ ಸಿಗಬೇಕಲ್ಲ?

ನಮ್ಮ ಮನೆಯವರು ತೀರಿಕೊಂಡಾಗ ನನಗೆ ನಲವತ್ತೊಂದು. ಧೈರ್ಯ ಹೇಳಿದವರಿಗೆ ಲೆಕ್ಕವಿಲ್ಲ. ಯಾರು ಏನು ಹೇಳಿದರೆಂಬುದು ಈಗ ನೆನಪಿಲ್ಲ. ನೆನಪಿರುವುದು ನಮ್ಮ ಅತ್ತೆ. ತಾವು ಮಾವ ಹೋದಂದಿನಿಂದ ಹಣೆ ಬರಿದು ಮಾಡಿಕೊಂಡವರು. ನಾನು ಮತ್ತೆ ಶಾಲೆಗೆ ಹೊರಟ ಬೆಳಿಗ್ಗೆ ಕುಂಕುಮದ ಭರಣಿ ತಂದು ಮುಂದಿಟ್ಟು, ‘ಇಟ್ಕೊಂಡು ಹೋಗಮ್ಮ, ಬರೀ ಹಣೇಲಿ ಹೋದ್ರೆ ಮಕ್ಕಳು ಹೆದರಿಕೊಂಡಾವು’ ಅಂದರು. ಬೇರೇನೂ ಹೇಳಲಿಲ್ಲ. ಅಡುಗೆಮನೆಗೆ ಹೋಗಿ ನನ್ನ ಡಬ್ಬಿ ಕಟ್ಟಿದರು. ಅವರು ‘ಫಣಿಯಮ್ಮ’ ಓದಿದವರಲ್ಲ. ಆದರೆ ಫಣಿಯಮ್ಮ ದಾಕ್ಷಾಯಿಣಿಗೆ ಕೊಟ್ಟದ್ದು ಏನೆಂದು ನನಗೆ ಅರ್ಥವಾದದ್ದು ಅವರಿಂದ.

ಎರಡು ಕಾದಂಬರಿಗಳೂ ಕೂಡಿ ಹೇಳುವುದು ಇದನ್ನೇ ಎಂದು ನನ್ನ ತಿಳಿವಳಿಕೆ. ಏನೂ ಇಲ್ಲದ ಫಣಿಯಮ್ಮ ಇನ್ನೊಬ್ಬಳಿಗೆ ಬಲವಾದಳು. ಎಲ್ಲ ಇದ್ದ ಕಾವೇರಿ, ಬಲ ಕೊಡುವವರಿಲ್ಲದೆ ಕುಸಿದಳು. ಹಾಗಾದರೆ ಮನೋಬಲವೆಂಬುದು ಒಬ್ಬಳ ಎದೆಯಲ್ಲಿ ಹುಟ್ಟಿ ಅಲ್ಲೇ ಇರುವ ಆಸ್ತಿಯಲ್ಲ. ಮನೆಯಲ್ಲಿ ಉಪ್ಪು ಮುಗಿದರೆ ಪಕ್ಕದ ಮನೆಯಿಂದ ತರುತ್ತೇವಲ್ಲ, ಇದೂ ಹಾಗೆ ಕೈಯಿಂದ ಕೈಗೆ ಬರುವಂಥದ್ದು.

ಸೋದರಿಯರು ಈ ಎರಡು ಪುಸ್ತಕಗಳನ್ನು ಒಂದರ ಹಿಂದೆ ಒಂದು ಓದಬೇಕು. ಮೊದಲು ‘ಶರಪಂಜರ’, ಆಮೇಲೆ ‘ಫಣಿಯಮ್ಮ’. ಓದಿ ಮುಗಿದ ಮೇಲೆ, ನಮ್ಮ ಬೀದಿಯಲ್ಲಿ ಆಸ್ಪತ್ರೆಯಿಂದ ಮನೆಗೆ ಬಂದವಳೋ, ಗಂಡನನ್ನು ಕಳೆದುಕೊಂಡವಳೋ ಇದ್ದರೆ, ಅವಳಿಗೆ ಹೇಳಬೇಕಾದ ಮಾತೇನೆಂದು ಹುಡುಕುವುದು ಬೇಡ. ಹೋಗಿ, ಅವಳ ಮಗುವನ್ನು ಶಾಲೆಗೆ ಬಿಟ್ಟು ಬಂದರೆ ಸಾಕು.