ಆರು ಮಂದಿ ಸರಸ್ವತಿ ಭಂಡಾರಿಗರು

ಸೇಡಂ ತಾಲ್ಲೂಕಿನ ಮಳಖೇಡವೇ ಹಿಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥ ‘ಕವಿರಾಜಮಾರ್ಗ’ ಸುಮಾರು 850ರಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಈ ನಾಡಿನ ಜನ ಓದದೆಯೂ ಕಾವ್ಯದ ಮರ್ಮ ಬಲ್ಲವರು ಎಂಬ ಅದರ ಮಾತನ್ನು ನಮ್ಮ ಭಾಗದ ಸಮ್ಮೇಳನಗಳಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಚಪ್ಪಾಳೆ ಬೀಳುತ್ತದೆ.

ಅದೇ ಕೃತಿಯ ಇನ್ನೊಂದು ಭಾಗವನ್ನು ಮಾತ್ರ ಯಾರೂ ಎತ್ತುವುದಿಲ್ಲ. ಶ್ರೀವಿಜಯ ತನಗಿಂತ ಹಿಂದಿನ ಗದ್ಯಕಾರರಲ್ಲಿ ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರನ್ನು ಹೆಸರಿಸುತ್ತಾನೆ. ಅವರ ಒಂದು ಕನ್ನಡ ಕೃತಿಯೂ ನಮ್ಮ ಕೈಸೇರಿಲ್ಲ. ಸಮಾಜದ ಬೌದ್ಧಿಕ ಬಂಡವಾಳದ ಬಗ್ಗೆ ಮಾತಾಡುವವರು ಈ ಪಟ್ಟಿಯಿಂದ ಶುರು ಮಾಡಬೇಕು ಎಂಬುದು ನನ್ನ ಅನಿಸಿಕೆ. ಪ್ರತಿಭೆ ಎಷ್ಟಿದ್ದರೂ ಕಾಯ್ದಿಡುವವರಿಲ್ಲದಿದ್ದರೆ ಉಳಿಯುವುದು ಹೆಸರಷ್ಟೆ.

ಕಾಯ್ದಿಡುವುದು ಹೇಗೆಂದು ತಿಳಿದಿದ್ದವರು ಇದೇ ಸೀಮೆಯಲ್ಲಿದ್ದರು. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನವಿತ್ತು. ಅಲ್ಲಿನ 1058ರ ಶಾಸನ ವೇದ ಕಲಿಯುವ 200 ವಿದ್ಯಾರ್ಥಿಗಳನ್ನೂ ಅವರ ಉಪಾಧ್ಯಾಯರನ್ನೂ ಲೆಕ್ಕ ಹಾಕಿ ದತ್ತಿಯನ್ನು ಹೇಳುತ್ತದೆ. ಜೊತೆಗೆ ಆರು ಮಂದಿ ಸರಸ್ವತಿ ಭಂಡಾರಿಗರು, ಅಂದರೆ ಪುಸ್ತಕ ಕಾಯುವವರು.

ಆದರೆ ಆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಘಟಿಕಾಸ್ಥಾನದ ಕಲ್ಲು ಕಡಿದವರ ಮಕ್ಕಳು ಆ 200 ಮಂದಿಯಲ್ಲಿ ಇದ್ದಿರಲಾರರು. ಕವಿರಾಜಮಾರ್ಗ ಹೊಗಳಿದ ಜನ ಒಂದು ಕಡೆ, ನಾಗಾವಿಯ ಭಂಡಾರ ಇನ್ನೊಂದು ಕಡೆ. ಮುಂದಿನ ಶತಮಾನದಲ್ಲಿ ಕಲ್ಯಾಣದ ಶರಣರು ಈ ಗೋಡೆಯನ್ನು ಒಡೆದರು. ಅಂಬಿಗ, ಮಾದಾರ ವಚನ ಬರೆದರು. ಆ ವಚನಗಳೂ ಉಳಿದದ್ದು ಮಠ, ಮನೆಗಳಲ್ಲಿ ತಾಳೆಗರಿ ಕಾಪಾಡಿದವರಿಂದ, ಆಮೇಲೆ ಊರೂರು ಅಲೆದು ಅವನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದ ಫ.ಗು. ಹಳಕಟ್ಟಿಯವರಿಂದ.

ಇಂದು ಶಹಾಬಾದಿನ ಹಾಸುಗಲ್ಲು, ವಾಡಿ ಮತ್ತು ಸೇಡಂನ ಸಿಮೆಂಟು ದೂರದೂರಿಗೆ ಹೋಗುತ್ತವೆ. ಆದರೂ 2002ರ ನಂಜುಂಡಪ್ಪ ಸಮಿತಿಯ ವರದಿ ಸೇಡಂ, ಚಿತ್ತಾಪುರ, ಚಿಂಚೋಳಿ ಮೂರನ್ನೂ ಅತಿ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತು. ನೆಲದೊಳಗಿನ ಸುಣ್ಣದಕಲ್ಲು ತಾನಾಗಿಯೇ ಜನರ ಏಳಿಗೆಯಾಗುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. 371(ಜೆ) ವಿಧಿಯಿಂದ ಸೀಟು, ನೌಕರಿಗಳಲ್ಲಿ ಮೀಸಲಾತಿ ಬಂತು. ಅದು ದೊಡ್ಡದೇ. ಆ ಸೀಟು ಹಿಡಿದು ಓದಲು ಬಂದವರಿಗೆ ಪುಸ್ತಕ ಸಿಗಬೇಡವೇ?

ನಾನು ಪದವಿ ಓದಿದ ಕಾಲೇಜಿನಲ್ಲಿ ಗ್ರಂಥಪಾಲಕರ ಹುದ್ದೆ ಖಾಲಿಯಿತ್ತು. ಕಪಾಟಿನ ಕೀಲಿ ಗುಮಾಸ್ತರ ಹತ್ತಿರ. ಕವಿರಾಜಮಾರ್ಗ ಬೇಕೆಂದಾಗ ಅವರು ಕೇಳಿದ್ದು ಒಂದೇ: “ಪರೀಕ್ಷೆಗೆ ಅದೇನು?” ಇಲ್ಲವೆಂದೆ. ಕಪಾಟು ತೆರೆಯಲಿಲ್ಲ. ಮಳಖೇಡದ ಕೋಟೆ ಅಲ್ಲಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟೇ ದೂರ.

ಆದ್ದರಿಂದ ವೇದಿಕೆಯ ಮೇಲೆ ಯಾರಾದರೂ ಮತ್ತೆ ನಮ್ಮ ಜನರ ಸಹಜ ಪ್ರತಿಭೆಯನ್ನು ಕೊಂಡಾಡಿದರೆ ನಾನೀಗ ಚಪ್ಪಾಳೆ ತಟ್ಟುವುದಿಲ್ಲ. ಈ ತಾಲ್ಲೂಕಿನ ಗ್ರಂಥಾಲಯ ದಿನಕ್ಕೆ ಎಷ್ಟು ಹೊತ್ತು ತೆರೆದಿರುತ್ತದೆ, ಅಲ್ಲಿ ಭಂಡಾರಿಗರು ಎಷ್ಟು ಮಂದಿ ಎಂದು ಕೇಳುತ್ತೇನೆ.